ಅಮ್ಮನ ಮಗ್ಗುಲು ಪಟ್ಟಿ

ಆರೈಕೆ ಮನೆಯಲ್ಲಿ ಅಮ್ಮನ ಮಂಚದ ಕಾಲಬದಿಗೆ ಒಂದು ರಟ್ಟು ತೂಗುತ್ತಿತ್ತು. ಅದಕ್ಕೆ ಸಿಕ್ಕಿಸಿದ್ದ ಹಾಳೆಯನ್ನು ನಾಲ್ಕು ತಿಂಗಳಿಂದ ನೋಡುತ್ತಲೇ ಇದ್ದೆ; ಓದಿರಲಿಲ್ಲ. ಅಂದು ಅಮ್ಮ ನಿದ್ದೆಯಲ್ಲಿದ್ದಳು, ನನಗೂ ಬೇರೆ ಕೆಲಸವಿರಲಿಲ್ಲ, ರಟ್ಟನ್ನು ಕೈಗೆತ್ತಿಕೊಂಡೆ. ಅದು ಮಗ್ಗುಲು ಪಟ್ಟಿ. ತಾವಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಎಡಕ್ಕೋ ಬಲಕ್ಕೋ ಬೆನ್ನಿಗೋ ಹೊರಳಿಸಿ ಮಲಗಿಸಬೇಕು, ಹೊರಳಿಸಿದವರು ಆ ಹೊತ್ತಿನ ಚೌಕದಲ್ಲಿ ಗುರುತು ಹಾಕಿ ಸಹಿ ಮಾಡಬೇಕು. ಬೆಳಿಗ್ಗೆ ಆರು, ಎಂಟು, ಹತ್ತು, ಹನ್ನೆರಡು, ಎರಡು: ಒಂದೂ ತಪ್ಪಿರಲಿಲ್ಲ, ನೀಲಿ ಶಾಯಿಯಲ್ಲಿ ಒಂದೇ ಅಳತೆಯ ಗುರುತುಗಳು. ನಾಲ್ಕರ ಚೌಕದಲ್ಲೂ ಗುರುತಿತ್ತು. ಆರರ ಚೌಕದಲ್ಲೂ ಇತ್ತು. ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು.

ಹಿಂದಿನ ಹಾಳೆಗಳನ್ನು ತಿರುವಿದೆ. ಎರಡು ವಾರದ ಕೆಳಗೆ ಒಂದು ದಿನ ಅಮ್ಮನನ್ನು ನಾನೇ ಸ್ಕ್ಯಾನಿಂಗ್‌ಗೆ ಕರೆದೊಯ್ದಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಹೊರಟವರು ಮರಳಿ ಬಂದಾಗ ಸಂಜೆ ಐದು ದಾಟಿತ್ತು. ಆ ದಿನದ ಹತ್ತು, ಹನ್ನೆರಡು, ಎರಡು, ನಾಲ್ಕರ ಚೌಕಗಳಲ್ಲೂ ಗುರುತುಗಳಿದ್ದವು. ಆ ಮಂಚದ ಮೇಲೆ ಇಲ್ಲದೇ ಇದ್ದ ನನ್ನ ಅಮ್ಮನನ್ನು ಯಾರೋ ನಾಲ್ಕು ಸಲ ಮಗ್ಗುಲು ಬದಲಿಸಿದ್ದರು.

ಆಯಾಳನ್ನು ಕರೆದು, ಅಮ್ಮನನ್ನು ಹೊರಳಿಸೋಣ, ನಾನೂ ಕೈ ಹಾಕುತ್ತೇನೆ ಎಂದೆ. ಟೊಂಕದ ಕೆಳಗೆ, ಬೆನ್ನುಮೂಳೆ ಮುಗಿಯುವ ಜಾಗದಲ್ಲಿ ಒಂದು ಡ್ರೆಸ್ಸಿಂಗ್ ಅಂಟಿಸಿತ್ತು. ಅದರ ಅಂಚು ಒದ್ದೆಯಾಗಿತ್ತು, ವಾಸನೆ ಬರುತ್ತಿತ್ತು. ಅದು ಅಲ್ಲಿ ಎಂದಿನಿಂದ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಆಯಾ ನನ್ನ ಮುಖ ನೋಡಲಿಲ್ಲ. ನರ್ಸ್ ಬಂದು ಡ್ರೆಸ್ಸಿಂಗ್ ಬಿಚ್ಚಿದರು. ಹೆಬ್ಬೆರಳಿನ ತುದಿ ಇಳಿಯುವಷ್ಟು ಆಳದ ಕುಳಿ. ಒಳಗೆ ಹಳದಿಯಾಗಿ ಕಾಣುತ್ತಿದ್ದುದು ಏನೆಂದು ಕೇಳುವ ಧೈರ್ಯ ನನಗಿರಲಿಲ್ಲ. ಅಮ್ಮನಿಗೆ ಎಚ್ಚರವಾಗಿ, "ಅಲ್ಲಿ ಉರಿಯುತ್ತದೆ ಎಂದು ಹೇಳಿದ್ದೆ" ಎಂದಳು. ಪಾರ್ಶ್ವವಾಯುವಿನ ನಂತರ ಅವಳ ಮಾತು ತೊದಲುತ್ತಿತ್ತು. ಯಾರಿಗೆ ಹೇಳಿದ್ದಳೋ, ಅವರಿಗೆ ಎಷ್ಟು ಕೇಳಿಸಿತ್ತೋ.

ಅಮ್ಮನಿಗೆ ಆಗ ಎಪ್ಪತ್ತೆಂಟು. ಮೂವತ್ತೊಂದು ವರ್ಷ ಗಣಿತ ಕಲಿಸಿದವಳು. ಪಾರ್ಶ್ವವಾಯುವಾಗಿ ಎಡಗೈ ಎಡಗಾಲು ಸ್ವಾಧೀನ ತಪ್ಪಿದ ಮೇಲೆ ನಾನೂ ಅಣ್ಣನೂ ಮನೆಯಲ್ಲಿಟ್ಟುಕೊಂಡು ನೋಡಿಕೊಂಡೆವು. ಎತ್ತುವಾಗ ಎರಡು ಸಲ ಅವಳು ನಮ್ಮ ಕೈಯಿಂದ ಜಾರಿದಳು. ಎರಡನೇ ಸಲ ತಲೆಗೆ ಪೆಟ್ಟಾದಾಗ ವೈದ್ಯರು, ಇವರಿಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ತರಬೇತಾದ ಕೈಗಳು ಬೇಕು ಎಂದರು. ಆರೈಕೆ ಮನೆ ಹುಡುಕಲು ಹೊರಟಿದ್ದು ಹಾಗೆ. ಅದರ ಸಂಕಟವನ್ನು ಇಲ್ಲಿ ಬರೆಯುವುದಿಲ್ಲ. ಆ ಬಾಗಿಲಲ್ಲಿ ಅಮ್ಮನನ್ನೋ ಅಪ್ಪನನ್ನೋ ಬಿಟ್ಟು ಬಂದವರಿಗೆ ಅದು ಗೊತ್ತು.

ಆ ಮೊದಲ ಹುಡುಕಾಟದಲ್ಲಿ ನಾವು ನೋಡಿದ್ದು ಏನು ಎಂದು ಈಗ ನೆನೆದರೆ ಹೊಟ್ಟೆ ಕಲಸುತ್ತದೆ. ನೆಲ ಹೊಳೆಯುತ್ತದೆಯೇ, ಗಾಳಿ ಬೆಳಕು ಇದೆಯೇ, ಹೂವಿನ ಗಿಡಗಳಿವೆಯೇ, ಗೋಡೆಯ ಮೇಲೆ ಪ್ರಮಾಣಪತ್ರ ಇದೆಯೇ ಎಂದು ನೋಡಿದೆವು. ಹೊಳೆಯುವ ನೆಲದ ಮೇಲೆ ಒದ್ದೆ ಕಾಲು ಜಾರುತ್ತದೆ, ಪ್ರತಿಫಲಿಸುವ ಬೆಳಕು ಮಂದಗಣ್ಣಿಗೆ ನೀರು ನಿಂತಂತೆ ಕಾಣುತ್ತದೆ ಎಂಬುದು ನಮಗೆ ಹೊಳೆಯಲಿಲ್ಲ. ಅಮ್ಮ ಎರಡು ಸಲ ಬಿದ್ದಿದ್ದರಿಂದ ಬೀಳುವ ವಿಷಯವನ್ನಂತೂ ಕೇಳಿದ್ದೆವು. "ನಮ್ಮಲ್ಲಿ ಯಾರೂ ಬೀಳುವುದಿಲ್ಲ" ಎಂದು ಅಲ್ಲಿನ ಮೇಲ್ವಿಚಾರಕರು ಹೇಳಿದ ಮಾತು ಕೇಳಿ ಅಣ್ಣ ನನ್ನ ಕಡೆ ತಿರುಗಿ ತಲೆಯಾಡಿಸಿದ. ಆ ಒಂದು ಮಾತಿಗೇ ನಾವು ಸಹಿ ಹಾಕಿದೆವು.

ಹುಣ್ಣು ನೋಡಿದ ರಾತ್ರಿಯೇ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದೆವು. ಮೂರನೇ ಹಂತದ ಹಾಸಿಗೆ ಹುಣ್ಣು ಎಂದರು. ಅಲ್ಲಿ ಗಾಯಗಳನ್ನೇ ನೋಡಿಕೊಳ್ಳುವ ಒಬ್ಬ ಹಿರಿಯ ನರ್ಸ್ ಇದ್ದರು. ದಿನ ಬಿಟ್ಟು ದಿನ ಅವರು ಹುಣ್ಣನ್ನು ತೊಳೆದು ಕಟ್ಟುವಾಗ ನನ್ನನ್ನು ಹೊರಗೆ ಕಳುಹಿಸಲಿಲ್ಲ. "ನೋಡಮ್ಮಾ, ನೀನೇ ನೋಡಿ ಕಲಿ" ಎಂದರು. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಮಾಂಸದಲ್ಲಿ ಕೂದಲೆಳೆಯಂಥ ರಕ್ತನಾಳಗಳು ಅದುಮಿಹೋಗುತ್ತವೆ, ರಕ್ತವಿಲ್ಲದೆ ಮಾಂಸ ಸಾಯುತ್ತದೆ. ಎಷ್ಟೋ ಸಲ ಸಾವು ಒಳಗೆ ಮೂಳೆಯ ಬಳಿಯೇ ಮೊದಲಾಗಿ ಚರ್ಮಕ್ಕೆ ಬರುವುದು ಕೊನೆಗೆ. ಮೊದಲ ಹಂತದಲ್ಲಿ ಚರ್ಮ ಕೆಂಪಾಗಿರುತ್ತದೆ, ಬೆರಳಿನಿಂದ ಒತ್ತಿ ಬಿಟ್ಟರೂ ಬಿಳಿಚುವುದಿಲ್ಲ. "ಕಪ್ಪು ಮೈಬಣ್ಣದವರಲ್ಲಿ ಆ ಕೆಂಪು ಕಣ್ಣಿಗೆ ಬೀಳುವುದೇ ಇಲ್ಲ, ಅದಕ್ಕೆ ಕೈಯಿಂದ ಮುಟ್ಟಿ ನೋಡಬೇಕು" ಎಂದು ಅವರು ನನ್ನ ಬೆರಳುಗಳನ್ನು ಹಿಡಿದು ಅಮ್ಮನ ಹಿಮ್ಮಡಿಯ ಮೇಲಿಟ್ಟರು. ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿ ಹೆಚ್ಚಿತ್ತು, ಸ್ವಲ್ಪ ಗಟ್ಟಿಯಾಗಿತ್ತು. ಇನ್ನೊಂದು ಹುಣ್ಣು ಅಲ್ಲಿ ಶುರುವಾಗುತ್ತಿತ್ತು. ಮೊಣಕಾಲಿನ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿದೆವು. ಅದು ಅಲ್ಲಿಗೇ ನಿಂತಿತು. ದುಡ್ಡು ಬೇಡದ, ಯಂತ್ರ ಬೇಡದ ಒಂದು ದಿಂಬಿನ ಕೆಲಸ.

ಆರೈಕೆ ಮನೆಗೆ ದೂರು ಬರೆದೆ. ದೂರು ಬರೆಯುವವರಿಗೆ ನನ್ನ ಅನುಭವದಿಂದ ಒಂದೇ ಮಾತು: ಕೋಪವನ್ನು ಬರೆಯಬೇಡಿ, ದಿನಾಂಕಗಳನ್ನು ಬರೆಯಿರಿ. ಎಂದು ಏನು ನೋಡಿದೆ, ಯಾವ ಹಾಳೆಯಲ್ಲಿ ಏನಿತ್ತು, ಯಾರನ್ನು ಏನು ಕೇಳಿದೆ, ಏನು ಉತ್ತರ ಬಂತು, ಈಗ ಏನು ಆಗಬೇಕು. ಆ ಮಗ್ಗುಲು ಪಟ್ಟಿಗಳ ಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದುಕೊಂಡಿದ್ದೆ. ಸ್ಕ್ಯಾನಿಂಗ್‌ನ ರಸೀದಿಯಲ್ಲಿ ಸಮಯ ಅಚ್ಚಾಗಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಸಭೆಯಲ್ಲಿ ಯಾರಿಗೂ ಮಾತು ಬರಲಿಲ್ಲ. ಆಮೇಲೆ ಬಂದ ಮಾತು ನನಗೆ ಹುಣ್ಣಿನಷ್ಟೇ ನೋವು ಕೊಟ್ಟಿತು: ಆ ಆಯಾಳನ್ನು ಕೆಲಸದಿಂದ ತೆಗೆದಿದ್ದೇವೆ ಎಂದರು. ಅವಳಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಅಮ್ಮನ ತಲೆ ಬಾಚಿ ಜಡೆ ಹಾಕುತ್ತಿದ್ದವಳು ಅವಳೇ. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ ಎಂದು ನಾನು ಮೊದಲ ಬಾರಿಗೆ ಕೇಳಿದ್ದು ಅಂದು. ನಲವತ್ತೊಂದು ಹಿರಿಯರಿಗೆ ಇಬ್ಬರು. ಎತ್ತಿ ಹೊರಳಿಸಬೇಕಾದವರು ಹದಿನಾಲ್ಕು ಮಂದಿ. ಒಬ್ಬರನ್ನು ಹೊರಳಿಸಲು ಇಬ್ಬರೂ ಬೇಕು. ಇಬ್ಬರೂ ಬಿಡುವಿಲ್ಲದೆ ಅದೊಂದನ್ನೇ ಮಾಡಿದರೂ ಸುತ್ತು ಮುಗಿಯುವ ಹೊತ್ತಿಗೆ ಮತ್ತೆ ಮೊದಲ ಮಂಚದ ಸರದಿ ಬಂದಿರುತ್ತದೆ. ಪಟ್ಟಿಯಲ್ಲಿ ಖಾಲಿ ಚೌಕ ಕಂಡರೆ ಬೈಗುಳ. ಆ ಹುಡುಗಿ ಏನು ಮಾಡಬಹುದಿತ್ತೋ ಅದನ್ನು ಮಾಡಿದ್ದಳು: ಬರೆಯಲು ಸಾಧ್ಯವಿದ್ದುದನ್ನು ಬರೆದಿದ್ದಳು.

ಮೇಲ್ವಿಚಾರಣೆಯ ಇಲಾಖೆಗೂ ದೂರು ಹೋಯಿತು. ತಪಾಸಣೆಗೆ ಬಂದರು, ವರದಿಯೂ ಬಂತು, ರಾತ್ರಿ ಪಾಳಿಗೆ ಜನ ಹೆಚ್ಚಿಸುವಂತೆ ಸೂಚನೆ ಕೊಟ್ಟರು. ಅಷ್ಟರಲ್ಲಿ ಅಮ್ಮ ಅಲ್ಲಿಂದ ಬಂದು ತಿಂಗಳುಗಳೇ ಕಳೆದಿದ್ದವು. ಇನ್ನೂ ಅಲ್ಲಿರುವ ಹದಿಮೂರು ಜನಕ್ಕೆ ಅದರಿಂದ ಒಳ್ಳೆಯದಾಗಿದ್ದರೆ ಸಾಕು.

ಆಸ್ಪತ್ರೆಯಲ್ಲಿ ಮೂರು ವಾರ ಕಳೆದೆವು. ಆ ಮೂರು ವಾರದಲ್ಲೇ ಇನ್ನೊಂದು ಜಾಗ ಹುಡುಕಬೇಕಿತ್ತು. ಗಾಯದ ನರ್ಸ್ ನನಗೆ ಒಂದು ದಾರಿ ತೋರಿಸಿದರು. ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯರು 1966ರಲ್ಲಿ ಆರೈಕೆಯ ಗುಣಮಟ್ಟವನ್ನು ಮೂರು ಕಡೆ ನೋಡಬಹುದು ಎಂದಿದ್ದರಂತೆ: ಇರುವುದೇನು, ನಡೆಯುವುದೇನು, ಆದದ್ದೇನು. ಕಟ್ಟಡ, ಸಲಕರಣೆ, ಸಿಬ್ಬಂದಿಯ ಸಂಖ್ಯೆ ಮೊದಲನೆಯದು. ದಿನವಿಡೀ ಆ ಕೈಗಳು ಮಾಡುವ ಕೆಲಸ ಎರಡನೆಯದು. ಕೊನೆಯಲ್ಲಿ ಆ ಹಿರಿಯರ ಮೈಮೇಲೆ, ಮನಸ್ಸಿನ ಮೇಲೆ ಏನಾಯಿತು ಎಂಬುದು ಮೂರನೆಯದು. "ನೀವು ನೋಡಿದ್ದು ಮೊದಲನೆಯದನ್ನು, ಅದರಲ್ಲೂ ಅರ್ಧ. ಪ್ರಮಾಣಪತ್ರ ಇರಬೇಕು, ಅದಿಲ್ಲದ ಕಡೆ ಹೋಗಲೇಬೇಡಿ. ಇದ್ದರೆ ಮುಂದಿನ ಮಾತು ಕೇಳಿ: ಬಿದ್ದವರ ರಿಜಿಸ್ಟರ್ ತೋರಿಸಿ ಎನ್ನಿ" ಎಂದರು.

ಹತ್ತೊಂಬತ್ತು ದಿನಗಳಲ್ಲಿ ಏಳು ಆರೈಕೆ ಮನೆಗಳನ್ನು ನೋಡಿದೆ. ಹೇಳಿ ಒಮ್ಮೆ ಹೋಗುತ್ತಿದ್ದೆ, ಹಿಡಿಸಿದರೆ ಹೇಳದೆ ಇನ್ನೊಮ್ಮೆ, ಸಾಮಾನ್ಯವಾಗಿ ರಾತ್ರಿ ಊಟದ ಹೊತ್ತಿಗೆ. ಬ್ಯಾಗಿನಲ್ಲಿ ಒಂದು ಥರ್ಮಾಮೀಟರ್ ಇರುತ್ತಿತ್ತು, ನೀರಿನ ಬಿಸಿ ಅಳೆಯುವುದಕ್ಕೆ. ಕೆಲವು ಕಡೆ ಅದನ್ನು ಹೊರತೆಗೆದ ಕೂಡಲೇ ಮುಖ ಗಂಟಿಕ್ಕಿದರು. ಒಂದು ಕಡೆ ಸ್ನಾನದ ನಲ್ಲಿಯಲ್ಲಿ 58 ಡಿಗ್ರಿ ತೋರಿಸಿತು. 60 ಡಿಗ್ರಿಯ ನೀರು ಐದಾರು ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆ. ವಯಸ್ಸಾದ ತೆಳು ಚರ್ಮಕ್ಕೆ ಅಷ್ಟೂ ಬೇಡ. ಅಮ್ಮನ ಎಡಗೈಗೆ ಸ್ಪರ್ಶವೇ ಇಲ್ಲ, ಬಿಸಿ ತಾಗಿದರೆ ಅದು ಹಿಂದೆ ಸರಿಯುವುದೂ ಇಲ್ಲ. ಇನ್ನೊಂದು ಕಡೆ ನಿರ್ವಹಣೆಯ ಕೆಲಸದವರು ತಾವಾಗಿಯೇ ಬಂದು ವಿವರಿಸಿದರು. ನೀರನ್ನು ತೊಟ್ಟಿಯಲ್ಲೇ ಉಗುರುಬೆಚ್ಚಗೆ ಇಟ್ಟರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದಕ್ಕೆ 20ರಿಂದ 45 ಡಿಗ್ರಿ ಹಿತ. 1976ರಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಸಮಾವೇಶಕ್ಕೆ ಬಂದವರು ನ್ಯುಮೋನಿಯಾದಿಂದ ಸತ್ತಾಗ ಗೊತ್ತಾದ ರೋಗ ಅದು. ಹಾಗಾಗಿ ತೊಟ್ಟಿಯಲ್ಲಿ 60ಕ್ಕೆ ಕಾಯಿಸಿಟ್ಟು, ನಲ್ಲಿಯ ಬಳಿ ಕವಾಟದಲ್ಲಿ ತಣ್ಣೀರು ಬೆರೆಸಿ ಇಳಿಸುತ್ತೇವೆ ಎಂದರು. ಅವರ ನಲ್ಲಿ 42 ತೋರಿಸಿತು. ಪ್ರತಿ ವಾರದ ಅಳತೆ ಬರೆದ ಪುಸ್ತಕ ಬಾಗಿಲ ಹಿಂದೆ ಮೊಳೆಗೆ ತೂಗುತ್ತಿತ್ತು, ಅದರ ಅಂಚುಗಳು ಒದ್ದೆ ಕೈ ತಾಗಿ ತಾಗಿ ಸುರುಟಿಕೊಂಡಿದ್ದವು. ಬಳಕೆಯಲ್ಲಿರುವ ಪುಸ್ತಕ ಹೇಗಿರುತ್ತದೆ ಎಂದು ನನ್ನ ಕಣ್ಣು ಅಂದು ಕಲಿತುಕೊಂಡಿತು.

ಕರೆಗಂಟೆಯನ್ನು ಒತ್ತಿ ಕಾಯುವುದು ನನ್ನ ಇನ್ನೊಂದು ಪರೀಕ್ಷೆಯಾಗಿತ್ತು. ಅದಕ್ಕೂ ಮೊದಲು ಗಂಟೆ ಎಲ್ಲಿದೆ ಎಂದು ನೋಡುತ್ತಿದ್ದೆ. ಎರಡು ಮನೆಗಳಲ್ಲಿ ಅದರ ತಂತಿಯನ್ನು ಸುತ್ತಿ ಮಂಚದ ತಲೆಬದಿಯ ಹಿಂದೆ ಸಿಕ್ಕಿಸಿದ್ದರು. ಪದೇ ಪದೇ ಒತ್ತುತ್ತಾರೆ ಎಂದು. ಮಲಗಿದವರ ಕೈಗೆ ಎಟುಕದ ಗಂಟೆ ಯಾರ ಸಲುವಾಗಿ ಇರುತ್ತದೆ? ಇನ್ನೊಂದು ಕಡೆ ಒತ್ತಿ ಹನ್ನೊಂದು ನಿಮಿಷ ಕಾದೆ. ಆ ಹನ್ನೊಂದು ನಿಮಿಷವೂ ಪಕ್ಕದ ಮಂಚದಲ್ಲಿದ್ದ ಹಿರಿಯರೊಬ್ಬರು, "ಬರುತ್ತಾರೆ, ಬರುತ್ತಾರೆ" ಎಂದು ನನಗೆ ಸಮಾಧಾನ ಹೇಳುತ್ತಿದ್ದರು.

ಒಂದು ಮನೆಯಲ್ಲಿ ಎಲ್ಲವೂ ಬಹಳ ಶಾಂತವಾಗಿತ್ತು. ಹಗಲು ಹನ್ನೊಂದಕ್ಕೆ ದೊಡ್ಡ ಕೋಣೆಯಲ್ಲಿ ಒಂಬತ್ತು ಜನ ಕುರ್ಚಿಗಳಲ್ಲಿ ತೂಕಡಿಸುತ್ತಿದ್ದರು. ಇಬ್ಬರ ಸೊಂಟಕ್ಕೆ ಬಟ್ಟೆಯ ಪಟ್ಟಿ ಕಟ್ಟಿ ಕುರ್ಚಿಯ ಹಿಂದೆ ಗಂಟು ಹಾಕಿತ್ತು. ಬೀಳಬಾರದಲ್ಲ ಎಂದರು. ಕಟ್ಟಿಹಾಕಿದರೆ ಬೀಳುವುದು ನಿಲ್ಲುವುದಿಲ್ಲ, ಬಿಡಿಸಿಕೊಳ್ಳಲು ಹೋಗಿ ಇನ್ನೂ ಕೆಟ್ಟದಾಗಿ ಬೀಳುತ್ತಾರೆ, ಕೂತು ಕೂತು ಕಾಲಿನ ಬಲ ಇಳಿಯುತ್ತದೆ, ಕುರ್ಚಿಯಲ್ಲೂ ಹುಣ್ಣಾಗುತ್ತದೆ ಎಂದು ಗಾಯದ ನರ್ಸ್ ಮೊದಲೇ ಹೇಳಿದ್ದರು. ಸಿಬ್ಬಂದಿಯ ಅನುಕೂಲಕ್ಕಾಗಿ ಹಿರಿಯರನ್ನು ಕಟ್ಟುವುದನ್ನೂ ಮಾತ್ರೆ ಕೊಟ್ಟು ಮಂಕು ಮಾಡುವುದನ್ನೂ ಅಮೆರಿಕದಲ್ಲಿ 1987ರ ಕಾನೂನೇ ತಡೆದಿತ್ತು. ಡಿಮೆನ್ಷಿಯಾ ಇರುವ ಹಿರಿಯರಿಗೆ ಮನೋರೋಗದ ಕೆಲವು ಮಾತ್ರೆಗಳು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಆ ಕೋಣೆಯಿಂದ ಹೊರಗೆ ಬಂದ ಮೇಲೆ ಬಹಳ ಹೊತ್ತು ನನಗೆ ಬಸ್ ಹತ್ತಲು ಆಗಲಿಲ್ಲ. ಕಟ್ಟಿದ್ದ ಇಬ್ಬರಲ್ಲಿ ಒಬ್ಬರು ಗಂಟು ಎಲ್ಲಿದೆ ಎಂದು ಹಿಂದಕ್ಕೆ ಕೈ ಚಾಚಿ ತಡವುತ್ತಿದ್ದರು.

ಬೆಂಕಿಯ ವಿಷಯ ಕೇಳಿದರೆ ಎಲ್ಲರೂ ಗೋಡೆಯ ಕೆಂಪು ಸಿಲಿಂಡರ್ ತೋರಿಸುತ್ತಿದ್ದರು. ನನ್ನ ಪ್ರಶ್ನೆ ಬೇರೆಯಿತ್ತು: ರಾತ್ರಿ ಎರಡು ಗಂಟೆಗೆ ಹೊಗೆ ತುಂಬಿದರೆ, ನಡೆಯಲಾಗದ ನನ್ನ ಅಮ್ಮನನ್ನು ಯಾರು, ಯಾವ ಬಾಗಿಲಿನಿಂದ, ಯಾವುದರ ಮೇಲೆ ಮಲಗಿಸಿ ಎಳೆದೊಯ್ಯುತ್ತಾರೆ? ಏಳರಲ್ಲಿ ಇಬ್ಬರು ಮಾತ್ರ ತಡವರಿಸದೆ ಉತ್ತರ ಕೊಟ್ಟರು.

ನಾವು ಆರಿಸಿಕೊಂಡಿದ್ದು ಆ ನೀರಿನ ಪುಸ್ತಕದ ಮನೆಯನ್ನೇ. ಗೋಡೆಯ ಬಣ್ಣ ಅಲ್ಲಲ್ಲಿ ಉದುರಿತ್ತು. ನೆಲ ಹೊಳೆಯುತ್ತಿರಲಿಲ್ಲ, ಒರಟಾಗಿತ್ತು. ಮುಖ್ಯ ನರ್ಸ್ ಐವತ್ತರ ಆಸುಪಾಸಿನವರು. ಬಿದ್ದವರ ರಿಜಿಸ್ಟರ್ ನೋಡಬಹುದೇ ಎಂದೆ, ಇಲ್ಲವೆನ್ನುತ್ತಾರೆ ಎಂದುಕೊಂಡೇ. ಅವರು ಎದ್ದು ಕಪಾಟಿನಿಂದ ಉದ್ದನೆಯ ಪುಸ್ತಕ ತಂದು, ಹೆಸರುಗಳ ಕಾಲಂ ಮೇಲೆ ಒಂದು ಕಾಗದ ಮುಚ್ಚಿ ಹಿಡಿದು, ನನ್ನ ಕಡೆಗೆ ತಿರುಗಿಸಿದರು. ಎರಡು ತಿಂಗಳಲ್ಲಿ ಹನ್ನೊಂದು ಬೀಳುವಿಕೆಗಳು. ಯಾವ ಹೊತ್ತು, ಯಾವ ಜಾಗ, ಬೀಳುವ ಮುಂಚೆ ಏನು ಮಾಡುತ್ತಿದ್ದರು, ಕಾಲಲ್ಲಿ ಏನಿತ್ತು, ದೀಪ ಹೊತ್ತಿತ್ತೇ, ಯಾರು ಮೊದಲು ನೋಡಿದರು, ಮನೆಯವರಿಗೆ ಎಷ್ಟು ಗಂಟೆಗೆ ತಿಳಿಸಿದರು. ಕೊನೆಯ ಕಾಲಂನಲ್ಲಿ, ಏನು ಬದಲಿಸಿದೆವು.

"ಇಲ್ಲಿ ನೋಡಿ" ಎಂದು ಅವರು ಬೆರಳಿಟ್ಟರು. ಮೊದಲ ತಿಂಗಳ ಏಳರಲ್ಲಿ ನಾಲ್ಕು ಬೆಳಗಿನ ಜಾವ ಐದರಿಂದ ಆರರ ಒಳಗೆ. ನಾಲ್ವರೂ ಶೌಚಾಲಯಕ್ಕೆ ಹೊರಟವರು. ಆ ಹೊತ್ತಿಗೆ ರಾತ್ರಿ ಪಾಳಿಯವರು ಹಗಲು ಪಾಳಿಗೆ ವರದಿ ಬರೆಯುತ್ತ ಕೂತಿರುತ್ತಿದ್ದರು. ವರದಿ ಬರೆಯುವುದನ್ನು ಆರೂವರೆಗೆ ತಳ್ಳಿ, ನಾಲ್ಕೂ ಮುಕ್ಕಾಲಿಗೆ ಒಂದು ಸುತ್ತು ಹೋಗಿ ಎಚ್ಚರವಿದ್ದವರನ್ನು ಕೇಳುವುದು ಎಂದು ಮಾಡಿದರು. ಮುಂದಿನ ತಿಂಗಳು ಆ ಹೊತ್ತಿನಲ್ಲಿ ಬಿದ್ದವರು ಒಬ್ಬರೇ. ನನಗೆ ಅಲ್ಲಿಯೇ ಅಳು ಬಂತು. "ನಮ್ಮಲ್ಲಿ ಯಾರೂ ಬೀಳುವುದಿಲ್ಲ" ಎಂದವರು ಬೀಳುವುದನ್ನು ಬರೆದೇ ಇರಲಿಲ್ಲ. ಬರೆಯದ ಮೇಲೆ ಐದು ಗಂಟೆ ಎಂಬುದು ಯಾರ ಕಣ್ಣಿಗೆ ಬೀಳುತ್ತದೆ?

ಸೇರಿಸುವ ದಿನ ಮೊದಲ ಮನೆಯಲ್ಲಿ ಇಪ್ಪತ್ತು ನಿಮಿಷ ಹಿಡಿದಿತ್ತು. ಇಲ್ಲಿ ಎರಡೂವರೆ ಗಂಟೆ. ಮನುಷ್ಯನ ಮುಂಭಾಗ, ಹಿಂಭಾಗದ ರೇಖಾಚಿತ್ರವಿದ್ದ ಹಾಳೆಯ ಮೇಲೆ ಅಮ್ಮನ ಮೈಯ ಪ್ರತಿ ಗುರುತನ್ನೂ ಬರೆದುಕೊಂಡರು. ಹುಣ್ಣಿನ ಉದ್ದ, ಅಗಲ, ಆಳ ಅಳೆದರು. ಬ್ರೇಡನ್ ಮಾಪನ ಎಂಬ ಒಂದು ಲೆಕ್ಕ ಮಾಡಿದರು. ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಮ್ ಎಂಬ ಇಬ್ಬರು ನರ್ಸ್‌ಗಳು 1987ರಲ್ಲಿ ಪ್ರಕಟಿಸಿದ್ದು. ಸ್ಪರ್ಶಜ್ಞಾನ, ತೇವ, ಓಡಾಟ, ಹೊರಳುವ ಶಕ್ತಿ, ಆಹಾರ, ಉಜ್ಜುವಿಕೆ ಎಂಬ ಆರಕ್ಕೆ ಅಂಕ ಕೊಟ್ಟು ಕೂಡಿಸುತ್ತಾರೆ. ಪೂರ್ಣಾಂಕ 23, ಹದಿನೆಂಟು ಅಥವಾ ಅದಕ್ಕಿಂತ ಕಡಿಮೆ ಬಂದರೆ ಹುಣ್ಣಾಗುವ ಅಪಾಯವಿದೆ ಎಂದು ಅರ್ಥ. ಅಮ್ಮ ಕಣ್ಣು ಬಿಟ್ಟು ಕೇಳುತ್ತಿದ್ದಳು. "ನನಗೆ ಎಷ್ಟು ಬಂತು?" ಎಂದಳು. "ಹನ್ನೆರಡು, ಟೀಚರ್." "ಕಡಿಮೆಯಾಯಿತು" ಎಂದಳು, ಗಂಭೀರವಾಗಿ. ಪಾರ್ಶ್ವವಾಯುವಿನ ನಂತರ ಅವಳ ಬಗ್ಗೆ ನಡೆದ ಮಾತಿನಲ್ಲಿ ಅವಳನ್ನೂ ಸೇರಿಸಿಕೊಂಡಿದ್ದು ಅದೇ ಮೊದಲು.

ಟೀಚರ್ ಎಂದು ಕರೆಯಬೇಕು ಎಂಬುದನ್ನೂ ಅವರು ಕೇಳಿಯೇ ತಿಳಿದುಕೊಂಡಿದ್ದರು. ಎಷ್ಟು ಗಂಟೆಗೆ ಏಳುವ ಅಭ್ಯಾಸ, ದೀಪ ಆರಿಸಿ ಮಲಗುತ್ತೀರಾ, ಸ್ನಾನ ಬೆಳಿಗ್ಗೆಯೋ ಸಂಜೆಯೋ, ಯಾವುದಕ್ಕೆ ಹೆದರಿಕೆ, ಯಾವ ಮಾತು ಕೇಳಿದರೆ ಸಿಟ್ಟು. ತೂಕ ನೋಡಿದರು, ಆರು ತಿಂಗಳ ಹಿಂದಿನ ತೂಕ ಕೇಳಿದರು. ಆರು ತಿಂಗಳಲ್ಲಿ ನೂರಕ್ಕೆ ಹತ್ತರಷ್ಟು ತೂಕ ಇಳಿದಿದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬಿಡುವಂತಿಲ್ಲ, ಕಾರಣ ಹುಡುಕಬೇಕು. ಅಮ್ಮ 54 ಕಿಲೋದಿಂದ 47ಕ್ಕೆ ಇಳಿದಿದ್ದಳು. ಒಂದು ಚಮಚ ನೀರು ಕುಡಿಸಿ ನುಂಗುವಾಗ ಗಂಟಲನ್ನು ಗಮನಿಸಿದರು, ಕೆಮ್ಮು ಬಂತು. ನುಂಗುವಿಕೆಯ ತಜ್ಞರು ಬರುವವರೆಗೆ ನೀರನ್ನು ಮಂದ ಮಾಡಿ ಕೊಡುವುದು, ನೆಟ್ಟಗೆ ಕೂರಿಸಿ ಉಣಿಸುವುದು, ಉಂಡ ಮೇಲೆ ಅರ್ಧ ಗಂಟೆ ಮಲಗಿಸದಿರುವುದು ಎಂದು ಬರೆದರು. ಹಳೆಯ ಮನೆಯಲ್ಲಿ ಅವಳನ್ನು ಅರೆಮಲಗಿದಂತೆಯೇ ಇಟ್ಟು ಉಣಿಸುತ್ತಿದ್ದುದು ನನ್ನ ಕಣ್ಣಮುಂದೆ ಬಂತು. ನಾನೂ ಹಾಗೆಯೇ ಉಣಿಸಿದ್ದೆ.

ಮಾತ್ರೆಗಳ ಪಟ್ಟಿಯಲ್ಲಿ ನಿದ್ದೆಗೆಂದು ಒಂದು ಮಾತ್ರೆ ಇತ್ತು. ಅದನ್ನು ಯಾರು ಯಾವಾಗ ಬರೆದುಕೊಟ್ಟರು ಎಂಬುದಕ್ಕೆ ಕಾಗದವಿರಲಿಲ್ಲ. ಹಿರಿಯರಿಗೆ ಸಾಮಾನ್ಯವಾಗಿ ಕೊಡಬಾರದ ಔಷಧಗಳ ಒಂದು ಪಟ್ಟಿಯಿದೆ, ಮಾರ್ಕ್ ಬೀರ್ಸ್ ಎಂಬ ವೈದ್ಯರು 1991ರಲ್ಲಿ ಆರೈಕೆ ಮನೆಗಳ ಹಿರಿಯರಿಗೆಂದೇ ಮೊದಲು ಮಾಡಿದ್ದು. ಅಮ್ಮನ ಮಾತ್ರೆ ಅದರಲ್ಲಿತ್ತು. ವೈದ್ಯರು ಅದನ್ನು ಒಮ್ಮೆಲೇ ನಿಲ್ಲಿಸದೆ ವಾರವಾರಕ್ಕೆ ಇಳಿಸುತ್ತ ಬಂದರು. ಐದನೇ ವಾರ ಅಮ್ಮ ಹಗಲಿನಲ್ಲಿ ಪೂರ್ತಿ ಎಚ್ಚರವಿದ್ದಳು. ಪತ್ರಿಕೆ ಕೇಳಿದಳು. ನಾವು ಕಾಯಿಲೆಯೇ ಹೀಗೆ ಎಂದು ಒಪ್ಪಿಕೊಂಡಿದ್ದ ಮಂಕು ಅರ್ಧಕ್ಕರ್ಧ ಆ ಮಾತ್ರೆಯದಾಗಿತ್ತು.

ಇಲ್ಲಿಯೂ ತಪ್ಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂರನೇ ತಿಂಗಳು ಒಂದು ರಾತ್ರಿ ಒಂಬತ್ತು ನಲವತ್ತಕ್ಕೆ ಫೋನ್ ಬಂತು. "ಪಕ್ಕದ ಮಂಚದವರ ರಕ್ತದೊತ್ತಡದ ಮಾತ್ರೆಯನ್ನು ಟೀಚರ್‌ಗೆ ಕೊಟ್ಟುಬಿಟ್ಟಿದ್ದೇವೆ. ತಪ್ಪು ನಮ್ಮದು. ವೈದ್ಯರಿಗೆ ತಿಳಿಸಿದ್ದೇವೆ, ಹದಿನೈದು ನಿಮಿಷಕ್ಕೊಮ್ಮೆ ಒತ್ತಡ ನೋಡುತ್ತಿದ್ದೇವೆ, ಈಗ ಇಷ್ಟಿದೆ. ನೀವು ಬರುವುದಾದರೆ ಬಾಗಿಲು ತೆರೆದಿರುತ್ತದೆ." ಹೋದೆ. ಬೆಳಗಿನವರೆಗೂ ಕೂತಿದ್ದೆ. ಅಮ್ಮನಿಗೆ ಏನೂ ಆಗಲಿಲ್ಲ. ಅಣ್ಣ ಫೋನಿನಲ್ಲಿ, "ಅಲ್ಲೂ ಹಾಗೆ, ಇಲ್ಲೂ ಹೀಗೆ" ಎಂದು ಕೂಗಾಡಿದ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ, ಒಪ್ಪಲು ಮಾತ್ರ ಆಗಲಿಲ್ಲ. ಅಲ್ಲಿ ಹುಣ್ಣು ವಾರಗಟ್ಟಲೆ ಡ್ರೆಸ್ಸಿಂಗ್ ಕೆಳಗೆ ಅಡಗಿತ್ತು. ಇಲ್ಲಿ ತಪ್ಪು ಇಪ್ಪತ್ತು ನಿಮಿಷದಲ್ಲಿ ನನ್ನ ಕಿವಿಗೆ ಬಂದಿತ್ತು. ಮೂರು ದಿನ ಬಿಟ್ಟು ಮುಖ್ಯ ನರ್ಸ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಏನಾಯಿತೆಂದು ಹೇಳಿದರು. ಮಾತ್ರೆ ಹಂಚುತ್ತಿದ್ದ ನರ್ಸ್‌ಗೆ ಆ ಹತ್ತು ನಿಮಿಷದಲ್ಲಿ ಮೂವರು ಬಂದು ಬೇರೆ ಬೇರೆ ಕೆಲಸ ಹೇಳಿದ್ದರು, ಎರಡು ಬಟ್ಟಲುಗಳು ಅದಲು ಬದಲಾದವು. ಈಗ ಮಾತ್ರೆ ಹಂಚುವವರು ಕೆಂಪು ಅಂಗಿ ಹಾಕಿಕೊಳ್ಳುತ್ತಾರೆ. ಆ ಅಂಗಿ ಮೈಮೇಲಿರುವವರೆಗೆ ಅವರನ್ನು ಯಾರೂ ಮಾತನಾಡಿಸುವಂತಿಲ್ಲ. ಮಂಚದ ಬಳಿ ಹೆಸರನ್ನೂ ಚಿತ್ರವನ್ನೂ ತಾಳೆ ನೋಡಿಯೇ ಮಾತ್ರೆ ಬಾಯಿಗೆ. ಆ ನರ್ಸ್ ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದಾರೆ. ಕೆಲಸದಿಂದ ತೆಗೆಯುತ್ತಾರೆ ಎಂಬ ಭಯವಿದ್ದಿದ್ದರೆ ಆ ರಾತ್ರಿ ಅವರು ಬಾಯಿ ಬಿಡುತ್ತಿದ್ದರೇ ಎಂದು ಅಣ್ಣನನ್ನು ಕೇಳಿದೆ. ಅವನು ಉತ್ತರಿಸಲಿಲ್ಲ, ಮುಂದಿನ ತಿಂಗಳು ಮನೆಯವರ ಸಭೆಗೆ ಬಂದ.

ನಾಲ್ಕನೇ ತಿಂಗಳಲ್ಲಿ ಅಮ್ಮ, ಕಿಟಕಿಯ ಬಳಿ ನಿಲ್ಲಬೇಕು ಎಂದಳು. ಕೂರುವುದಲ್ಲ, ನಿಲ್ಲುವುದು. ನಾನು ಬೇಡವೆಂದೆ. ಮುಖ್ಯ ನರ್ಸ್ ನನ್ನ ಮಾತು ಕೇಳಿಸಿಕೊಂಡು, ಅಮ್ಮನ ಕಡೆ ತಿರುಗಿ, "ಟೀಚರ್, ಬೀಳುವ ಸಾಧ್ಯತೆ ಇದೆ. ಮೂಳೆ ಮುರಿಯಬಹುದು" ಎಂದರು. "ಗೊತ್ತು" ಎಂದಳು ಅಮ್ಮ. ಹಾಗಾದರೆ ಹೇಗೆ ಎಂದು ಭೌತಚಿಕಿತ್ಸಕರೂ ಸೇರಿ ಯೋಚಿಸಿದರು: ದಿನಕ್ಕೆ ಎರಡು ಸಲ, ಸೊಂಟಕ್ಕೆ ಹಿಡಿಕೆಯಿರುವ ಬೆಲ್ಟ್, ಇಬ್ಬರು ಜೊತೆಗೆ, ಕಿಟಕಿಯ ಬಳಿ ಗೋಡೆಗೆ ಹೊಸದಾಗಿ ಹಿಡಿಕಂಬಿ, ಹಿಂದೆ ಕುರ್ಚಿ. ಅದನ್ನೆಲ್ಲ ಬರೆದು ಅಮ್ಮನ ಸಹಿ ತೆಗೆದುಕೊಂಡರು, ನನ್ನದನ್ನಲ್ಲ. ವಿಶ್ವಸಂಸ್ಥೆ 1991ರಲ್ಲಿ ಹಿರಿಯರ ವಿಷಯದಲ್ಲಿ ಒಪ್ಪಿದ ಹದಿನೆಂಟು ತತ್ವಗಳಲ್ಲಿ ಆರೈಕೆ ಮನೆಯಲ್ಲಿರುವವರಿಗೂ ತಮ್ಮ ಬದುಕಿನ ಬಗ್ಗೆ ತಾವೇ ನಿರ್ಧರಿಸುವ ಹಕ್ಕಿದೆ ಎಂಬುದೂ ಒಂದು. ಅದನ್ನು ನಾನು ಬಹಳ ಮೊದಲೇ ಓದಿದ್ದೆ. ನನ್ನ ಅಮ್ಮನಿಗೆ ಅದು ಅನ್ವಯಿಸುತ್ತದೆ ಎಂದು ಅಂದಿನವರೆಗೆ ಅನ್ನಿಸಿರಲಿಲ್ಲ. ಮೊದಲ ದಿನ ನಲವತ್ತು ಸೆಕೆಂಡು ನಿಂತಳು. ಹೊರಗೆ ಯಾರೋ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು, ಅವರು ಕಣ್ಮರೆಯಾಗುವವರೆಗೆ ನೋಡಿದಳು.

ಹುಣ್ಣು ಮುಚ್ಚಲು ಐದು ತಿಂಗಳು ಹಿಡಿಯಿತು. ಪ್ರತಿ ವಾರದ ಅಳತೆ ಹಾಳೆಯಲ್ಲಿದೆ: ಮೂರು ವಾರ ಇಳಿದು, ಒಂದು ವಾರ ನಿಂತು, ಮತ್ತೆ ಇಳಿದದ್ದು. ಈಗ ಅಲ್ಲಿ ನುಣುಪಾದ, ತಿಳಿಬಣ್ಣದ ಒಂದು ಕಲೆ ಇದೆ. ಆ ಜಾಗಕ್ಕೆ ಮೊದಲಿನ ಬಲ ಇನ್ನು ಬರುವುದಿಲ್ಲ, ಮಗ್ಗುಲು ಬದಲಿಸುವುದನ್ನು ನಿಲ್ಲಿಸುವಂತೆಯೂ ಇಲ್ಲ.

ಕಳೆದ ವಾರ ಮಧ್ಯಾಹ್ನ ಹೋಗಿದ್ದೆ. ಈಗ ಎಲ್ಲಿ ಹೋದರೂ ಮೊದಲು ರಟ್ಟಿಗೆ ಕೈ ಹಾಕುವುದು ನನ್ನ ಅಭ್ಯಾಸವಾಗಿದೆ. ಹಿಂದಿನ ರಾತ್ರಿಯ ಎರಡು ಗಂಟೆಯ ಚೌಕದಲ್ಲಿ ಗುರುತಿರಲಿಲ್ಲ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: "2ಕ್ಕೆ ಹೊರಳಿಸಿಲ್ಲ. ಆರನೇ ಕೋಣೆಯಲ್ಲಿ ತುರ್ತಿತ್ತು, ಇಬ್ಬರೂ ಅಲ್ಲಿದ್ದೆವು. 2.50ಕ್ಕೆ ಬಲಕ್ಕೆ. ಟೊಂಕ, ಹಿಮ್ಮಡಿ ಮುಟ್ಟಿ ನೋಡಿದೆ, ಸರಿಯಿದೆ." ಕೆಳಗೆ ಸಹಿ.

"ಏನು ಓದುತ್ತಿದ್ದೀಯಾ?" ಎಂದಳು ಅಮ್ಮ. ಓದಿ ಹೇಳಿದೆ.

"ಹೌದು, ಬಂದು ಹೇಳಿದಳು. ತಡವಾಯಿತು ಟೀಚರ್ ಎಂದು."

ರಟ್ಟನ್ನು ಮತ್ತೆ ತೂಗುಹಾಕಿದೆ. ನಾಲ್ಕಕ್ಕೆ ಐದು ನಿಮಿಷವಿತ್ತು. ಹೊರಗಿನ ನಡುಮನೆಯಲ್ಲಿ ಕೈ ತೊಳೆಯುವ ಸದ್ದು ಕೇಳಿಸಿತು, ಇಬ್ಬರು ಮಾತನಾಡಿಕೊಳ್ಳುತ್ತ ನಮ್ಮ ಕೋಣೆಯ ಕಡೆಗೇ ಬರುತ್ತಿದ್ದರು. ನಾಲ್ಕರ ಚೌಕ ಖಾಲಿಯಾಗಿತ್ತು.